ರೇಡಿಯೇಷನ್ ನಂತರ ಕುತ್ತಿಗೆ ಬಾತುಕೊಂಡರೆ: ದುಗ್ಧರಸದ ಊತವನ್ನು ಅಂಕೆಯಲ್ಲಿಡುವುದು ಹೇಗೆ?

ಬಾಯಿ ಅಥವಾ ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಮುಗಿದು ಎರಡು ಮೂರು ತಿಂಗಳಾಗಿದೆ. ಬಾಯಿಯ ಹುಣ್ಣು ಮಾಗಿದೆ, ಗಂಜಿ ಬಿಟ್ಟು ಮೆತ್ತನೆಯ ಅನ್ನಕ್ಕೆ ಬಂದಿದ್ದೀರಿ. ಆಗ ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಗದ್ದದ ಕೆಳಗೆ ಚೀಲದಂತೆ ಊತ. ಮನಸ್ಸಿಗೆ ಮೊದಲು ಬರುವ ಪ್ರಶ್ನೆ ಒಂದೇ: ಕಾಯಿಲೆ ಮತ್ತೆ ಬಂತೇ?

ಬಹಳ ಮಂದಿಯಲ್ಲಿ ಇದು ಮರುಕಳಿಸಿದ ಕ್ಯಾನ್ಸರ್ ಅಲ್ಲ. ಚಿಕಿತ್ಸೆಯ ನಂತರ ಬರುವ ದುಗ್ಧರಸದ ಊತ. ವೈದ್ಯರು ಇದನ್ನು ಲಿಂಫೆಡಿಮಾ ಎನ್ನುತ್ತಾರೆ. ಆದರೆ ಅದನ್ನು ನಿಶ್ಚಯಿಸಬೇಕಾದವರು ನಿಮ್ಮ ವೈದ್ಯರು, ನೀವಲ್ಲ. ಒಮ್ಮೆ ನಿಶ್ಚಯವಾದ ಮೇಲೆ "ಇದೆಲ್ಲ ಇದ್ದದ್ದೇ" ಎಂದು ಸುಮ್ಮನಿರಲೂ ಬಾರದು. ಈ ಊತ ಮೆತ್ತಗಿರುವಾಗ ಇಳಿಸುವುದು ಸುಲಭ, ಗಟ್ಟಿಯಾದ ಮೇಲೆ ಕಷ್ಟ.

ಈ ಊತ ಏಕೆ ಬರುತ್ತದೆ?

ರಕ್ತನಾಳಗಳಿಂದ ದಿನವೂ ಸ್ವಲ್ಪ ದ್ರವ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತದೆ. ಅದರಲ್ಲಿ ಪ್ರೋಟೀನ್ ಇರುತ್ತದೆ. ಈ ದ್ರವವನ್ನು ಹೀರಿಕೊಂಡು ಮತ್ತೆ ರಕ್ತಕ್ಕೆ ಸೇರಿಸುವ ಸಣ್ಣ ನಾಳಗಳ ಜಾಲವೇ ದುಗ್ಧರಸ ವ್ಯವಸ್ಥೆ. ದಾರಿಯಲ್ಲಿ ಅಲ್ಲಲ್ಲಿ ಇರುವ ದುಗ್ಧಗ್ರಂಥಿಗಳು ಅದನ್ನು ಸೋಸುತ್ತವೆ. ದೇಹದ ಒಟ್ಟು ದುಗ್ಧಗ್ರಂಥಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ತಲೆ ಮತ್ತು ಕುತ್ತಿಗೆಯಲ್ಲಿಯೇ ಇವೆ.

ಬಾಯಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಆರೇಳು ವಾರಗಳಲ್ಲಿ 30ರಿಂದ 35 ಸಲ ರೇಡಿಯೇಷನ್ ಕೊಡುತ್ತಾರೆ. ಅದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವಾಗ ಅಕ್ಕಪಕ್ಕದ ದುಗ್ಧನಾಳಗಳಿಗೂ ಪೆಟ್ಟಾಗುತ್ತದೆ. ಅಂಗಾಂಶ ಗಾಯದ ಕಲೆಯಂತೆ ಬಿರುಸಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಕುತ್ತಿಗೆಯ ಗ್ರಂಥಿಗಳನ್ನು ತೆಗೆದಿದ್ದರೆ ದ್ರವ ಹರಿಯುವ ದಾರಿಗಳು ಇನ್ನೂ ಕಡಿಮೆಯಾಗುತ್ತವೆ. ಹರಿಯಲಾಗದ ದ್ರವ ಗದ್ದದ ಕೆಳಗೆ, ದವಡೆಯ ಬದಿಯಲ್ಲಿ, ಕೆನ್ನೆಯಲ್ಲಿ, ಕೆಲವೊಮ್ಮೆ ಗಂಟಲಿನ ಒಳಗೆ ನಿಲ್ಲುತ್ತದೆ.

ಆನೆಕಾಲು ರೋಗದ ಕಾಲನ್ನು ನೀವು ನೋಡಿರಬಹುದು. ಅದೂ ದುಗ್ಧರಸ ಕಟ್ಟಿಕೊಂಡು ಬರುವ ಊತವೇ. ಕಾರಣ ಮಾತ್ರ ಬೇರೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಅಂಥ ಕಾಲಿನ ಊತದ ಚಿಕಿತ್ಸೆಗೆ ಹೆಸರಾಗಿದೆ. ಆದರೆ ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತುವ ಕ್ರಮವನ್ನು ಕುತ್ತಿಗೆಗೆ ತರಬೇಡಿ. ಕುತ್ತಿಗೆಯಲ್ಲಿ ಉಸಿರಿನ ದಾರಿಯೂ ಮೆದುಳಿಗೆ ಹೋಗುವ ರಕ್ತನಾಳಗಳೂ ಇವೆ.

ಎಷ್ಟು ಮಂದಿಗೆ ಬರುತ್ತದೆ?

ಭಾರತದ ಪುರುಷರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಬಾಯಿಯದು. ಹೊಗೆಸೊಪ್ಪು, ಗುಟ್ಕಾ, ಅಡಿಕೆ ಇದರ ಮುಖ್ಯ ಕಾರಣಗಳು. ಆದ್ದರಿಂದ ಈ ಊತ ನಮ್ಮಲ್ಲಿ ಅಪರೂಪವಲ್ಲ, ಅದರ ಬಗ್ಗೆ ಮಾತಾಡುವುದು ಮಾತ್ರ ಅಪರೂಪ. ತಲೆ-ಕುತ್ತಿಗೆ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದ 81 ಮಂದಿಯನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ನಾಲ್ವರಲ್ಲಿ ಮೂವರಿಗೆ ಯಾವುದಾದರೊಂದು ಬಗೆಯ ದುಗ್ಧರಸದ ಊತ ಇತ್ತು. ಅವರಲ್ಲಿ ಹಲವರಿಗೆ ಊತ ಹೊರಗೆ ಕಾಣುತ್ತಿರಲಿಲ್ಲ, ಗಂಟಲಿನ ಒಳಗಷ್ಟೇ ಇತ್ತು.

ಹೇಗೆ ಗುರುತಿಸುವುದು?

ರೇಡಿಯೇಷನ್ ನಡೆಯುವಾಗಲೇ ಬರುವ ಊತ ಹಲವರಲ್ಲಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ದುಗ್ಧರಸದ ಊತ ಸಾಮಾನ್ಯವಾಗಿ ಚಿಕಿತ್ಸೆ ಮುಗಿದು ಎರಡರಿಂದ ಆರು ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ.

- ಬೆಳಿಗ್ಗೆ ಎದ್ದಾಗ ಹೆಚ್ಚು, ಮಧ್ಯಾಹ್ನದ ಹೊತ್ತಿಗೆ ಕಡಿಮೆ. ಕಾಲಿನ ಊತ ಇದಕ್ಕೆ ಉಲ್ಟಾ. ರಾತ್ರಿ ಮಲಗಿದಾಗ ಕುತ್ತಿಗೆಯ ದ್ರವ ಇಳಿಯದೆ ನಿಲ್ಲುವುದೇ ಇದಕ್ಕೆ ಕಾರಣ.
- ಕುತ್ತಿಗೆ ಭಾರ, ಬಿಗಿತ; ಅಂಗಿಯ ಕಾಲರ್ ಹಿಡಿದಂತೆ ಅನ್ನಿಸುವುದು.
- ಸಾಮಾನ್ಯವಾಗಿ ನೋವಿಲ್ಲ.
- ಒಳಗೆ ಊತ ಇದ್ದರೆ: ನುಂಗುವಾಗ ಸಿಕ್ಕಿಕೊಂಡಂತಾಗುವುದು, ಮೇಲಿಂದ ಮೇಲೆ ಗಂಟಲು ಸರಿಪಡಿಸಿಕೊಳ್ಳುವುದು, ನೀರು ಕುಡಿದ ಮೇಲೆ ಧ್ವನಿ ಒದ್ದೆಯಾದಂತೆ ಕೇಳುವುದು, ಊಟದಲ್ಲಿ ಕೆಮ್ಮು, ನಾಲಿಗೆ ದಪ್ಪವಾದಂತೆ ಅನ್ನಿಸುವುದು.

ಊತ ಯಾವ ಹಂತದಲ್ಲಿದೆ ಎಂದು ತಿಳಿಯಲು ಚಿಕಿತ್ಸಕರು ಬೆರಳಿನಿಂದ ಒತ್ತಿ ನೋಡುತ್ತಾರೆ. ಮೊದಲ ಹಂತದಲ್ಲಿ ಕಣ್ಣಿಗೆ ಏನೂ ಕಾಣದು, ಭಾರ ಮಾತ್ರ ಇರುತ್ತದೆ. ಆಮೇಲೆ ಮೆತ್ತನೆಯ ಊತ ಬರುತ್ತದೆ. ದಿನದಲ್ಲಿ ಏರಿಳಿಯುತ್ತದೆ, ಒತ್ತಿದರೆ ಗುಳಿ ಬೀಳಬಹುದು. ಮುಂದಿನ ಹಂತದಲ್ಲಿ ಅದು ಗಟ್ಟಿಯಾಗಿ, ದಿನವಿಡೀ ಹಾಗೆಯೇ ಉಳಿಯುತ್ತದೆ. ಕೊನೆಯದರಲ್ಲಿ ಚರ್ಮವೇ ದಪ್ಪವಾಗಿ ಮರದಂತಾಗುತ್ತದೆ. ನಿಂತ ದ್ರವದಲ್ಲಿರುವ ಪ್ರೋಟೀನ್ ಬರಬರುತ್ತಾ ನಾರಿನಂಥ ಅಂಗಾಂಶವನ್ನು ಬೆಳೆಸುತ್ತದೆ. ಆದ್ದರಿಂದ ಮೆತ್ತಗಿರುವ ತಿಂಗಳುಗಳೇ ನಿಮ್ಮ ಅವಕಾಶ.

ಮೊದಲು ವೈದ್ಯರ ಬಳಿ

ಮಸಾಜ್ ಶುರು ಮಾಡುವ ಮೊದಲು ನಿಮ್ಮ ಕ್ಯಾನ್ಸರ್ ವೈದ್ಯರು ಕುತ್ತಿಗೆಯನ್ನು ಮುಟ್ಟಿ, ಬೇಕಾದರೆ ಗಂಟಲಿನೊಳಗೆ ಕ್ಯಾಮೆರಾ ಇಳಿಸಿ, ಸ್ಕ್ಯಾನ್ ಮಾಡಿಸಿ, ಕಾಯಿಲೆ ಮರುಕಳಿಸಿಲ್ಲ ಎಂದು ಖಚಿತಪಡಿಸಬೇಕು. ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ. ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ ಥೈರಾಯ್ಡ್ ಮಂದವಾಗುವುದು ಸಾಮಾನ್ಯ, ಅದರಿಂದಲೂ ಮುಖ ಊದಿಕೊಳ್ಳುತ್ತದೆ. 6ರಿಂದ 12 ತಿಂಗಳಿಗೊಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸುವುದು ವಾಡಿಕೆ.

ಆಮೇಲೆ ಎರಡು ಬಗೆಯ ತಜ್ಞರು ಬೇಕು. ಹೊರಗಿನ ಊತಕ್ಕೆ ಲಿಂಫೆಡಿಮಾದಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್. ನುಂಗುವ ಮತ್ತು ಮಾತಿನ ತೊಂದರೆಗೆ ಸ್ಪೀಚ್ ಥೆರಪಿಸ್ಟ್. ವೈದ್ಯರು ತಾವಾಗಿ ಹೇಳದಿದ್ದರೆ ನೀವೇ ಕೇಳಿ: "ನನಗೆ ಲಿಂಫೆಡಿಮಾ ಥೆರಪಿ ಬರೆದುಕೊಡುತ್ತೀರಾ?"

ಪುಣೆಯಲ್ಲಿರುವ ಕನ್ನಡಿಗರಿಗೆ

ಕಲಬುರಗಿ, ವಿಜಯಪುರ, ಬೀದರ್, ಸೊಲ್ಲಾಪುರದ ಕಡೆಯಿಂದ ಪುಣೆಗೆ ಬಂದು ನೆಲೆಸಿದ ಕುಟುಂಬಗಳು ಬಹಳ. ಕೆಲವರು ಪುಣೆಯಲ್ಲೇ ರೇಡಿಯೇಷನ್ ಮಾಡಿಸುತ್ತಾರೆ, ಕೆಲವರು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗಿಬರುತ್ತಾರೆ. ಚಿಕಿತ್ಸೆ ಮುಗಿದ ಮೇಲೆ ರೋಗಿ ವಿಶ್ರಾಂತಿಗೆಂದು ಊರಿಗೆ ಹೋಗುತ್ತಾರೆ. ಊತ ಶುರುವಾಗುವುದು ಸರಿಯಾಗಿ ಆ ಹೊತ್ತಿಗೆ. ಮುಂದಿನ ತಪಾಸಣೆಯ ತನಕ ಯಾರಿಗೂ ತೋರಿಸದೆ ಉಳಿದರೆ ಮೆತ್ತನೆಯ ಹಂತ ಕಳೆದುಹೋಗುತ್ತದೆ.

ಹಾಗಾಗಿ ಊರಿಗೆ ಹೊರಡುವ ಮೊದಲೇ ಥೆರಪಿಸ್ಟ್ ಒಬ್ಬರನ್ನು ಕಂಡು ಮನೆಯ ಕ್ರಮವನ್ನು ಕಲಿತುಕೊಳ್ಳಿ. ಅವರು ನಿಮ್ಮ ಕುತ್ತಿಗೆಯ ಮೇಲೆ ಮಾಡಿ ತೋರಿಸುವುದನ್ನು ಅನುಮತಿ ಪಡೆದು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಡಿಸ್ಚಾರ್ಜ್ ಸಾರಾಂಶ ಮತ್ತು ರೇಡಿಯೇಷನ್ ವಿವರದ ಪ್ರತಿಯನ್ನು ಜೊತೆಗಿಟ್ಟುಕೊಳ್ಳಿ. ಊರಿನ ಸಮೀಪ ತೋರಿಸಬೇಕಾದರೆ ಕಲಬುರಗಿಯ ಕಿದ್ವಾಯಿ ಕೇಂದ್ರ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ನುಂಗುವ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಊರಿನಿಂದ ಬಂದ ಹಿರಿಯರಿಗೆ ಮರಾಠಿ ಬಾರದಿದ್ದರೆ ಈ ನಾಲ್ಕು ಮಾತುಗಳನ್ನು ಚೀಟಿಯಲ್ಲಿ ಬರೆದುಕೊಡಿ:

- ಕುತ್ತಿಗೆ ಊದಿದೆ: ಮಾನೇಲಾ ಸೂಜ್ ಆಹೇ.
- ಬೆಳಿಗ್ಗೆ ಹೆಚ್ಚಿರುತ್ತದೆ: ಸಕಾಳೀ ಜಾಸ್ತ್ ಅಸ್ತೇ.
- ನುಂಗಲು ತೊಂದರೆ: ಗಿಳಾಯ್ಲಾ ತ್ರಾಸ್ ಹೋತೋ.
- ಉಸಿರಾಡಲು ತೊಂದರೆ: ಶ್ವಾಸ್ ಘ್ಯಾಯ್ಲಾ ತ್ರಾಸ್ ಹೋತೋ.

ಚಿಕಿತ್ಸೆಯಲ್ಲಿ ಏನೇನಿದೆ?

ನಾಲ್ಕು ಭಾಗಗಳಿವೆ: ಹಗುರ ಕೈಯ ಮಸಾಜ್, ಹಗುರ ಒತ್ತುಪಟ್ಟಿ, ವ್ಯಾಯಾಮ, ಚರ್ಮದ ಆರೈಕೆ. ಮಸಾಜಿನ ಈ ವಿಧಾನವನ್ನು 1930ರ ದಶಕದಲ್ಲಿ ರೂಪಿಸಿದವರು ಡೆನ್ಮಾರ್ಕಿನ ಎಮಿಲ್ ಮತ್ತು ಎಸ್ಟ್ರಿಡ್ ವೊಡ್ಡರ್ ದಂಪತಿ. ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ ತನ್ನ 1,202 ರೋಗಿಗಳ ಬಗ್ಗೆ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಈ ಚಿಕಿತ್ಸೆ ಪಡೆದವರಲ್ಲಿ ಸುಮಾರು 60 ಪ್ರತಿಶತ ಮಂದಿಗೆ ಊತ ಸುಧಾರಿಸಿತು. ಹೇಳಿಕೊಟ್ಟ ಕ್ರಮವನ್ನು ಬಿಡದೆ ಪಾಲಿಸಿದವರಿಗೆ ಹೆಚ್ಚು ಗುಣವಾಯಿತು. ಅಂದರೆ ಈ ಚಿಕಿತ್ಸೆಯ ದೊಡ್ಡ ಪಾಲು ನಡೆಯುವುದು ನಿಮ್ಮ ಮನೆಯಲ್ಲಿ.

ಮೂತ್ರ ಹೆಚ್ಚಿಸಿ ನೀರು ಇಳಿಸುವ ಮಾತ್ರೆಯಿಂದ ಈ ಊತ ಹೋಗುವುದಿಲ್ಲ. ನೀರು ಕುಡಿಯುವುದನ್ನು ಕಡಿಮೆ ಮಾಡಿದರೂ ಪ್ರಯೋಜನವಿಲ್ಲ. ಬಾಯಿ ಇನ್ನಷ್ಟು ಒಣಗುತ್ತದೆ ಅಷ್ಟೇ.

ಮನೆಯಲ್ಲಿ ಮಾಡುವ ಹಗುರ ಮಸಾಜ್

ಹೂಳು ತುಂಬಿದ ಕಾಲುವೆಯಲ್ಲಿ ನೀರು ಹರಿಯಬೇಕಾದರೆ ಮೊದಲು ಕೆಳಗಿನ ತುದಿಯ ಹೂಳು ತೆಗೆಯಬೇಕು. ಇಲ್ಲಿಯೂ ಹಾಗೆಯೇ. ಊದಿರುವುದು ಗದ್ದವಾದರೂ ಶುರು ಮಾಡುವುದು ಕಂಕುಳು ಮತ್ತು ಎದೆಯಿಂದ.

ದುಗ್ಧನಾಳಗಳು ಚರ್ಮದ ಸ್ವಲ್ಪವೇ ಕೆಳಗಿವೆ. ಒತ್ತಿ ತಿಕ್ಕಿದರೆ ಅವು ಮುಚ್ಚಿಕೊಳ್ಳುತ್ತವೆ. ಮಗುವಿನ ಕೆನ್ನೆ ಸವರುವಷ್ಟು ಹಗುರಾಗಿ, ಚರ್ಮ ಮಾತ್ರ ಸ್ವಲ್ಪ ಎಳೆದಂತಾಗಬೇಕು. ಎಣ್ಣೆ ಬೇಡ, ಕೈ ಜಾರಿದರೆ ಚರ್ಮ ಎಳೆಯುವುದಿಲ್ಲ.

1. ನೇರವಾಗಿ ಕುಳಿತು ಹೊಟ್ಟೆ ಉಬ್ಬುವಂತೆ ಐದು ಸಲ ಆಳವಾಗಿ ಉಸಿರಾಡಿ.
2. ಅಂಗೈಯನ್ನು ಎದುರು ಬದಿಯ ಕಂಕುಳಲ್ಲಿ ಚಪ್ಪಟೆಯಾಗಿಟ್ಟು ನಿಧಾನವಾಗಿ ಹತ್ತು ಸಲ ವೃತ್ತಾಕಾರವಾಗಿ ಆಡಿಸಿ. ಇನ್ನೊಂದು ಬದಿಗೂ ಹಾಗೆಯೇ.
3. ಕಾಲರ್ ಎಲುಬಿನ ಮೇಲಿನ ಗುಳಿಯಲ್ಲಿ ಬೆರಳುಗಳನ್ನು ಚಪ್ಪಟೆಯಾಗಿಟ್ಟು ಚರ್ಮವನ್ನು ಹಗುರಾಗಿ ಎಳೆದು ಬಿಡಿ. ಹತ್ತು ಸಲ.
4. ಕಾಲರ್ ಎಲುಬಿನ ಕೆಳಗಿನಿಂದ ಕಂಕುಳಿನ ಕಡೆಗೆ ಎದೆಯ ಚರ್ಮವನ್ನು ಸವರಿ. ಪ್ರತಿ ಬದಿಗೆ ಹತ್ತು ಸಲ.
5. ಕಿವಿಯ ಕೆಳಗಿನಿಂದ ಕುತ್ತಿಗೆಯ ಬದಿಯಲ್ಲಿ ಕಾಲರ್ ಎಲುಬಿನ ತನಕ ಇಳಿಸಿ. ಒಮ್ಮೆಗೆ ಒಂದೇ ಬದಿ. ಎರಡೂ ಬದಿಯ ಕುತ್ತಿಗೆಯನ್ನು ಒಟ್ಟಿಗೆ ಎಂದೂ ಒತ್ತಬೇಡಿ.
6. ಈಗ ಗದ್ದ: ನಡುವಿನಿಂದ ಕಿವಿಯ ಕೆಳಕ್ಕೆ, ಅಲ್ಲಿಂದ ಕಾಲರ್ ಎಲುಬಿಗೆ.
7. ಕೆನ್ನೆ ಊದಿದ್ದರೆ ಮೂಗಿನ ಬದಿಯಿಂದ ಕಿವಿಯ ಕಡೆಗೆ, ಆಮೇಲೆ ಕೆಳಕ್ಕೆ.
8. ಕೊನೆಗೆ ಕುತ್ತಿಗೆಯಿಂದ ಎದೆಗೆ, ಎದೆಯಿಂದ ಕಂಕುಳಿಗೆ ಮತ್ತೊಮ್ಮೆ ಇಳಿಸಿ, ಆಳವಾಗಿ ಉಸಿರಾಡಿ ಮುಗಿಸಿ.

ಇದಕ್ಕೆ 15ರಿಂದ 20 ನಿಮಿಷ ಸಾಕು. ದಿನಕ್ಕೆ ಎರಡು ಸಲ ಮಾಡಿ, ಬೆಳಗಿನದನ್ನು ಬಿಡಬೇಡಿ. ಎರಡೂ ಬದಿಯ ಗ್ರಂಥಿಗಳನ್ನು ತೆಗೆದವರಿಗೆ, ಎದೆಯ ಮಾಂಸದಿಂದ ಬಾಯಿ ಕಟ್ಟಿದವರಿಗೆ ದ್ರವ ಸಾಗಿಸುವ ದಾರಿ ಬೇರೆಯಾಗಬಹುದು. ಆದ್ದರಿಂದ ಮೊದಲ ಸಲ ಥೆರಪಿಸ್ಟ್ ಎದುರಿಗೇ ಮಾಡಿ.

ಇವರು ಮಸಾಜ್ ಮಾಡಬಾರದು, ಮೊದಲು ವೈದ್ಯರನ್ನು ಕೇಳಬೇಕು: ರೇಡಿಯೇಷನ್ನಿನಿಂದ ಸುಟ್ಟ ಚರ್ಮ ಇನ್ನೂ ಮಾಗದವರು, ಕುತ್ತಿಗೆಯಲ್ಲಿ ಸೋಂಕು ಅಥವಾ ಜ್ವರ ಇರುವವರು, ಹೃದಯ ಅಥವಾ ಕಿಡ್ನಿ ವೈಫಲ್ಯ ಇರುವವರು, ಕುತ್ತಿಗೆಯ ರಕ್ತನಾಳದಲ್ಲಿ ಅಡಚಣೆ ಇರುವವರು, ರಕ್ತ ಹೆಪ್ಪುಗಟ್ಟಿದವರು, ಕುತ್ತಿಗೆ ಒತ್ತಿದರೆ ತಲೆ ಸುತ್ತುವವರು.

ಒತ್ತುಪಟ್ಟಿ ಮತ್ತು ವ್ಯಾಯಾಮ

ಗದ್ದದಿಂದ ನೆತ್ತಿಗೆ ಕಟ್ಟುವ ಮೆತ್ತನೆಯ ಪಟ್ಟಿ, ಒಳಗೆ ಸ್ಪಂಜಿನ ತುಂಡು: ಇಷ್ಟೇ ಇದರ ರೂಪ. ಥೆರಪಿಸ್ಟ್ ನಿಮ್ಮ ಅಳತೆಗೆ ಹೊಂದಿಸಿ, ಎಷ್ಟು ಹೊತ್ತು ಹಾಕಬೇಕೆಂದು ಹೇಳುತ್ತಾರೆ. ಕ್ರೇಪ್ ಬ್ಯಾಂಡೇಜನ್ನು ಕುತ್ತಿಗೆಯ ಸುತ್ತ ನೀವೇ ಸುತ್ತಿಕೊಳ್ಳಬೇಡಿ. ಪಟ್ಟಿ ಹಾಕಿದಾಗ ಉಸಿರು ಕಟ್ಟಿದಂತಾದರೆ, ತಲೆ ಭಾರವಾದರೆ, ತುಟಿ ಅಥವಾ ಮುಖದ ಬಣ್ಣ ಬದಲಾದರೆ ತಕ್ಷಣ ತೆಗೆಯಿರಿ. ಗಂಟಲಿನಲ್ಲಿ ಉಸಿರಾಟದ ರಂಧ್ರ ಇರುವವರಲ್ಲಿ ಪಟ್ಟಿ ಅದನ್ನು ಮುಚ್ಚಲೇಬಾರದು.

ಮಸಾಜ್ ಆದ ಮೇಲೆ ಕುತ್ತಿಗೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸಿ. ಭುಜ ಎತ್ತಿ ಇಳಿಸಿ. ಬಾಯಿ ಆದಷ್ಟು ಅಗಲಿಸಿ ಮುಚ್ಚಿ. ನಾಲಿಗೆ ಚಾಚಿ ಒಳಗೆ ಎಳೆಯಿರಿ. ಸ್ನಾಯು ಆಡಿದಾಗ ದುಗ್ಧರಸ ಮುಂದಕ್ಕೆ ತಳ್ಳಲ್ಪಡುತ್ತದೆ. ಸ್ಪೀಚ್ ಥೆರಪಿಸ್ಟ್ ಹೇಳಿದ ನುಂಗುವ ವ್ಯಾಯಾಮ ಒಳಗಿನ ಬಿಗಿತಕ್ಕೆ ಮುಖ್ಯ. ಕೈಯ ಮಸಾಜ್ ಗಂಟಲಿನ ಒಳಗೆ ನೇರವಾಗಿ ತಲುಪದು.

ದಿನಚರಿಯಲ್ಲಿ ಗಮನಿಸಿ

- ರಾತ್ರಿ ತಲೆ ಮತ್ತು ಎದೆ ಎರಡೂ ಎತ್ತರವಾಗಿರಲಿ, ಸುಮಾರು 30 ಡಿಗ್ರಿ. ತಲೆಯ ಕೆಳಗೆ ಮಾತ್ರ ದಿಂಬು ಪೇರಿಸಿದರೆ ಕುತ್ತಿಗೆ ಮಡಿಚಿಕೊಳ್ಳುತ್ತದೆ. ಹಾಸಿಗೆಯ ಕೆಳಗೆ ಮಡಿಸಿದ ಕಂಬಳಿ ಇಟ್ಟರೂ ನಡೆಯುತ್ತದೆ.
- ಕ್ಷೌರದಂಗಡಿಯಲ್ಲಿ ತಲೆ ಚಂಪಿ, ಕುತ್ತಿಗೆ ಲಟಕ್ಕೆನಿಸುವುದು ಬೇಡವೇ ಬೇಡ. ಗಡ್ಡಕ್ಕೆ ಬ್ಲೇಡಿನ ಬದಲು ವಿದ್ಯುತ್ ಟ್ರಿಮ್ಮರ್ ಬಳಸಿ. ಸಣ್ಣ ಗಾಯದಿಂದಲೂ ಸೋಂಕು ಹಬ್ಬಬಹುದು.
- ಬಿಸಿ ಉಪ್ಪಿನ ಶಾಖ, ನೋವಿನ ಬಾಮು, ಸುಣ್ಣ-ಅರಿಶಿನದ ಪಟ್ಟು ಹಾಕಬೇಡಿ. ರೇಡಿಯೇಷನ್ ಆದ ಚರ್ಮಕ್ಕೆ ಬಿಸಿಯ ಅರಿವು ಕಡಿಮೆ, ಬೇಗ ಸುಡುತ್ತದೆ.
- ವಾಸನೆಯಿಲ್ಲದ ತೇವಕಾರಕ ಹಚ್ಚಿ. ಬಿಸಿಲಿಗೆ ಹೊರಟರೆ ಹತ್ತಿಯ ಬಟ್ಟೆ ಸಡಿಲವಾಗಿ ಹೊದ್ದುಕೊಳ್ಳಿ.
- ಪುಣೆಯಲ್ಲಿ ದ್ವಿಚಕ್ರ ವಾಹನವಿಲ್ಲದೆ ದಿನ ಸಾಗದು. ಹೆಲ್ಮೆಟ್ ಬಿಡಬೇಡಿ, ಆದರೆ ಗದ್ದದ ಪಟ್ಟಿ ಊತವನ್ನು ಕೊರೆಯುತ್ತಿದ್ದರೆ ಮೆತ್ತನೆಯ ಕವಚ ಹಾಕಿ. ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಹಿಂದೆ ಕುಳಿತು ಹೋಗುವುದಕ್ಕಿಂತ ರಿಕ್ಷಾ ಅಥವಾ ಬಸ್ಸು ಹಿತ.
- ಬಿಗಿ ಕಾಲರ್, ಕುತ್ತಿಗೆ ಹಿಡಿಯುವ ಸರ ಬೇಡ.
- ಹಲ್ಲು ಕೀಳಿಸುವ ಮೊದಲು ರೇಡಿಯೇಷನ್ ಆಗಿದೆ ಎಂದು ದಂತವೈದ್ಯರಿಗೆ ತಪ್ಪದೆ ಹೇಳಿ.
- ಹೊಗೆಸೊಪ್ಪು, ಗುಟ್ಕಾ, ಅಡಿಕೆ, ಬೀಡಿ ಪೂರ್ತಿ ನಿಲ್ಲಬೇಕು.

ಅಳತೆ ಇಟ್ಟುಕೊಳ್ಳಿ

ವಾರಕ್ಕೊಮ್ಮೆ, ಎದ್ದ ತಕ್ಷಣ, ಒಂದೇ ಜಾಗದಲ್ಲಿ ನಿಂತು ಮುಂದಿನಿಂದ ಮತ್ತು ಎರಡೂ ಬದಿಯಿಂದ ಫೋಟೋ ತೆಗೆಯಿರಿ. ದರ್ಜಿಯ ಟೇಪಿನಿಂದ ಕುತ್ತಿಗೆಯ ಸುತ್ತಳತೆಯನ್ನು ಒಂದೇ ಎತ್ತರದಲ್ಲಿ ಅಳೆದು ತಾರೀಖಿನೊಂದಿಗೆ ಬರೆದಿಡಿ. ದಿನವೂ ಕನ್ನಡಿ ನೋಡುವವರಿಗೆ ಬದಲಾವಣೆ ತಿಳಿಯದು. ನಾಲ್ಕು ವಾರದ ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ವೈದ್ಯರಿಗೂ ಇದು ದೊಡ್ಡ ಸಹಾಯ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ತಕ್ಷಣ, 108 ಅಥವಾ 112ಕ್ಕೆ ಕರೆ ಮಾಡಿ:
- ಉಸಿರು ಎಳೆಯುವಾಗ ಸೀಟಿಯಂಥ ಸದ್ದು, ಮಲಗಿದರೆ ಉಸಿರು ಕಟ್ಟುವುದು
- ಎಂಜಲನ್ನೂ ನುಂಗಲಾಗದಿರುವುದು
- ಕುತ್ತಿಗೆ ಅಥವಾ ಬಾಯಿಯಿಂದ ರಕ್ತ ಬರುವುದು
- ಮುಖ, ಕುತ್ತಿಗೆ, ಕೈಗಳು ಒಟ್ಟಿಗೆ ಊದಿ ಎದೆಯ ನರಗಳು ಉಬ್ಬುವುದು

ಅದೇ ದಿನ ವೈದ್ಯರನ್ನು ಕಾಣಿ:
- ಊತದ ಜಾಗ ಕೆಂಪಾಗಿ, ಬಿಸಿಯಾಗಿ, ನೋವಿನೊಂದಿಗೆ ಜ್ವರ ಬಂದರೆ. ಇದು ಚರ್ಮದ ಸೋಂಕು, ಆಂಟಿಬಯಾಟಿಕ್ ಬೇಕಾಗುತ್ತದೆ. ಅಲ್ಲಿಯವರೆಗೆ ಮಸಾಜ್ ಮತ್ತು ಪಟ್ಟಿ ನಿಲ್ಲಿಸಿ.

ಮುಂದಿನ ತಪಾಸಣೆಗೆ ಕಾಯದೆ ಒಂದು ವಾರದೊಳಗೆ ತೋರಿಸಿ:
- ಹೊಸ ಗಟ್ಟಿ ಗಂಟು, ಒಂದೇ ಬದಿಯಲ್ಲಿ ಬೇಗ ಬೆಳೆಯುವ ಊತ, ಮಾಗದ ಹುಣ್ಣು, ಕಿವಿಗೆ ಹೊಡೆಯುವ ನೋವು, ಹೊಸದಾಗಿ ಒಡೆದ ಧ್ವನಿ, ಕಾರಣವಿಲ್ಲದೆ ತೂಕ ಇಳಿಯುವುದು.

ಮನೆಯವರಿಗೆ ಒಂದು ಮಾತು

ಊತದಿಂದ ಮುಖ ಬದಲಾಗುತ್ತದೆ. ಮದುವೆ, ಗೃಹಪ್ರವೇಶಕ್ಕೆ ಬರಲು ರೋಗಿ ಹಿಂಜರಿಯಬಹುದು; ನೆಂಟರ "ಯಾಕೆ ಮುಖ ಹಿಂಗಾಯ್ತು?" ಎಂಬ ಪ್ರಶ್ನೆಗೆ ಹೆದರಬಹುದು. ಅದಕ್ಕೆ ಉತ್ತರ ನೀವು ಕೊಡಿ: "ರೇಡಿಯೇಷನ್ ಆದ ಮೇಲಿನ ಊತ, ಚಿಕಿತ್ಸೆ ನಡೀತಿದೆ." ಊಟದಲ್ಲಿ ಅವರ ಕೆಮ್ಮು ಹೆಚ್ಚಾಗಿದೆಯೇ, ಒಂದು ತಟ್ಟೆ ಮುಗಿಸಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತಿದೆಯೇ ಗಮನಿಸಿ. ಒಳಗಿನ ಊತವನ್ನು ಮೊದಲು ಕಾಣುವವರು ಸಾಮಾನ್ಯವಾಗಿ ಎದುರಿಗೆ ಕುಳಿತು ಉಣ್ಣುವವರೇ. ಅವರ ಭುಜ ಏಳದಿದ್ದರೆ ಮಸಾಜನ್ನು ನೀವು ಕಲಿತು ಮಾಡಿ; ಬಲ ಬೇಡ, ಹಗುರ ಕೈ ಸಾಕು.

ಕೆಲವರಲ್ಲಿ ಊತ ಪೂರ್ತಿ ಹೋಗುವುದಿಲ್ಲ, ಸ್ವಲ್ಪ ಉಳಿಯುತ್ತದೆ. ಆದರೂ ಕ್ರಮ ತಪ್ಪದಿದ್ದರೆ ಅದು ಗಟ್ಟಿಯಾಗದಂತೆ, ನುಂಗುವುದಕ್ಕೂ ಮಾತಿಗೂ ಅಡ್ಡ ಬರದಂತೆ ಹಿಡಿದಿಡಬಹುದು.

ನೆನಪಿಡಿ: ಮೊದಲು ತಪಾಸಣೆ, ಆಮೇಲೆ ಮಸಾಜ್. ಹಗುರ ಕೈ, ಕೆಳಗಿನಿಂದ ಶುರು, ದಿನಕ್ಕೆ ಎರಡು ಸಲ. ಊತ ಮೆತ್ತಗಿರುವಾಗಲೇ ತೋರಿಸಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಚಿಕಿತ್ಸೆಯ ಬಗ್ಗೆ ನಿಮ್ಮ ವೈದ್ಯರ ಸಲಹೆಯೇ ಅಂತಿಮ.